1914ರಲ್ಲಿ ಮಹಾಯುದ್ಧ ಆಗದಿದ್ದರೆ ಸರ್ಬರು ಅಮೆರಿಕಕ್ಕೆ ಹೋಗುತ್ತಿದ್ದರಾ?

ಪ್ರಶ್ನೆ: ನಾನೊಂದು ಪರ್ಯಾಯ ಇತಿಹಾಸದ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಬದುಕುಳಿಯುತ್ತಾನೆ, ಮಹಾಯುದ್ಧ ಆಗುವುದಿಲ್ಲ. ನಾಯಕ ಬೆಲ್‌ಗ್ರೇಡಿನ ಸರ್ಬ. ಅವನನ್ನು ಪಿಟ್ಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆಗೆ ಕಳಿಸಬೇಕು. ಯುದ್ಧವೇ ಇಲ್ಲದ ಮೇಲೆ ಅವನು ಊರು ಬಿಡಲು ಏನು ಕಾರಣ ಕೊಡಲಿ? ಅಲ್ಲಿ ಅವನ ಬದುಕು, ಹಬ್ಬ, ಚರ್ಚು ಎಲ್ಲ ಹೇಗಿರುತ್ತಿತ್ತು?

ಉತ್ತರ: ಮೊದಲು ನಾಯಕನ ಊರು ಬದಲಿಸಿ. ಬೆಲ್‌ಗ್ರೇಡ್ ಬಿಟ್ಟು ಇವತ್ತಿನ ಕ್ರೊವೇಷಿಯಾದಲ್ಲಿರುವ ಲಿಕಾ ಕಡೆಯವನನ್ನಾಗಿ ಮಾಡಿ. ನಿಮ್ಮ ಅರ್ಧ ತೊಂದರೆ ಅಲ್ಲೇ ಬಗೆಹರಿಯುತ್ತದೆ.

ಯಾಕೆಂದರೆ ಸರ್ಬರು ಅಮೆರಿಕಕ್ಕೆ ಹೋಗಿದ್ದು ಯುದ್ಧದಿಂದಾಗಿ ಅನ್ನುವುದೇ ಸರಿಯಿಲ್ಲ. 1914ಕ್ಕೆ ಮೊದಲೇ ಹಡಗುಗಳು ತುಂಬಿ ಹೋಗುತ್ತಿದ್ದವು, ಯುದ್ಧ ಬಂದು ಅದನ್ನು ನಿಲ್ಲಿಸಿತು. ಹಾಗೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ಸರ್ಬಿಯಾ ದೇಶದವರೇ ಅಲ್ಲ. ಅವರು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಪ್ರಜೆಗಳು. ಲಿಕಾ, ಕೊರ್ದುನ್, ಬನಾತ್, ಹೆರ್ಜೆಗೊವಿನಾ, ಬೊಕಾ ಕಡೆಯವರು, ಜತೆಗೆ ಮಾಂಟೆನೆಗ್ರೊದವರು. ಸರ್ಬಿಯಾ ಒಳಗಿನ ರೈತ ಬಡವನೇ, ಆದರೆ ಅವನಿಗೆ ಸ್ವಂತ ತುಂಡು ಜಮೀನಿತ್ತು, ಸಾಲ ಕೊಟ್ಟವನು ಅವನ ಮನೆ ಮತ್ತು ಬದುಕಿಗೆ ಬೇಕಾದಷ್ಟು ನೆಲವನ್ನು ಕಸಿದುಕೊಳ್ಳದಂತೆ ಕಾನೂನೂ ಇತ್ತು. ಹಂದಿ ಸಾಕುತ್ತಿದ್ದ, ಪ್ಲಮ್ ಬೆಳೆಯುತ್ತಿದ್ದ. 1906ರಲ್ಲಿ ಆಸ್ಟ್ರಿಯಾ ಸುಂಕದ ಜಗಳ ತೆಗೆದು ಸರ್ಬಿಯಾದ ಹಂದಿಗಳಿಗೆ ಗಡಿ ಮುಚ್ಚಿದಾಗಲೂ ಆ ರೈತ ಸಾಗರ ದಾಟಲಿಲ್ಲ. ಸರ್ಕಾರ ಬೇರೆ ಮಾರುಕಟ್ಟೆ ಹುಡುಕಿಕೊಂಡಿತು.

ಲಿಕಾದ ಕಥೆ ಬೇರೆ. ಅದನ್ನು ತಿಳಿಯಲು 1690ಕ್ಕೆ ಹೋಗಬೇಕು. ಆ ವರ್ಷ ತುರ್ಕರ ಸೈನ್ಯ ಮತ್ತೆ ಮುನ್ನುಗ್ಗಿದಾಗ, ಪೆಚ್‌ನ ಸರ್ಬ್ ಧರ್ಮಗುರು ಮೂರನೇ ಆರ್ಸೆನಿಯೆ ಸಾವಿರಾರು ಕುಟುಂಬಗಳನ್ನು ಕರೆದುಕೊಂಡು ಡ್ಯಾನ್ಯೂಬ್ ದಾಟಿದರು. ಎಷ್ಟು ಜನ ಎನ್ನುವುದರ ಬಗ್ಗೆ ಇಂದಿಗೂ ವಾದ ನಿಂತಿಲ್ಲ. ಆಸ್ಟ್ರಿಯಾದ ಚಕ್ರವರ್ತಿ ಲಿಯೊಪೋಲ್ಡ್ ಅವರ ಧರ್ಮಕ್ಕೆ ರಕ್ಷಣೆ ಬರೆದುಕೊಟ್ಟ. ಲಿಕಾ ಕಡೆಯ ಸರ್ಬರೆಲ್ಲ ಅವತ್ತೇ ಬಂದವರಲ್ಲ, ಅದಕ್ಕೂ ಮುಂಚಿನಿಂದ ಗುಂಪು ಗುಂಪಾಗಿ ಬಂದು ನೆಲೆಸಿದ್ದರು. ಆದರೆ ಎಲ್ಲರ ಜತೆಗೂ ರಾಜನ ಒಪ್ಪಂದ ಹೆಚ್ಚುಕಡಿಮೆ ಒಂದೇ ಥರ ಇತ್ತು. ನೀವು ತುರ್ಕರ ವಿರುದ್ಧ ಗಡಿ ಕಾಯಿರಿ, ನಾವು ಉಳುಮೆಗೆ ನೆಲ ಕೊಡುತ್ತೇವೆ. ಇದೇ ಸೇನಾ ಗಡಿನಾಡು. ಅಲ್ಲಿ ಗಂಡಸರು ಹುಟ್ಟಾ ಸೈನಿಕರು. ಅಣ್ಣ ತಮ್ಮಂದಿರು ಒಟ್ಟಿಗೆ ಇರುವ ದೊಡ್ಡ ಕೂಡುಕುಟುಂಬಗಳು, ಒಬ್ಬ ಯುದ್ಧಕ್ಕೆ ಹೋದರೆ ಇನ್ನೊಬ್ಬ ಉಳುವವನು. 1881ರಲ್ಲಿ ಈ ಗಡಿನಾಡನ್ನು ಪೂರ್ತಿ ರದ್ದು ಮಾಡಿದರು. ತುರ್ಕರ ಭಯ ಹೋಗಿತ್ತು, ಕಾವಲುಗಾರರು ಬೇಡವಾದರು. ಕೂಡುಕುಟುಂಬಗಳು ಒಡೆದವು, ಕಲ್ಲು ನೆಲ ತುಂಡು ತುಂಡಾಯಿತು, ತೆರಿಗೆ ನಗದಿನಲ್ಲಿ ಕಟ್ಟಬೇಕಾಯಿತು. ನಗದು ಎಲ್ಲಿಂದ ತರೋದು? ಅಮೆರಿಕದಿಂದ.

ನಿಕೊಲಾ ಟೆಸ್ಲಾ ಹುಟ್ಟಿದ್ದು ಇದೇ ಲಿಕಾದ ಸ್ಮಿಲ್ಯಾನ್‌ನಲ್ಲಿ, 1856ರಲ್ಲಿ, ಸರ್ಬ್ ಪಾದ್ರಿಯ ಮಗನಾಗಿ. ಅಮೆರಿಕಕ್ಕೆ ಹೋದದ್ದು 1884ರಲ್ಲಿ. ಮಿಹೈಲೊ ಪುಪಿನ್ ಹುಟ್ಟಿದ್ದು ಬನಾತ್‌ನ ಇದ್ವೊರ್ ಹಳ್ಳಿಯಲ್ಲಿ, 1874ರಲ್ಲಿ ನ್ಯೂಯಾರ್ಕಿಗೆ ಇಳಿದಾಗ ಜೇಬಿನಲ್ಲಿ 5 ಸೆಂಟ್ ಇತ್ತೆಂದು ಅವರೇ ಬರೆದಿದ್ದಾರೆ. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಇಬ್ಬರೂ ಗಡಿನಾಡಿನವರು, ಸರ್ಬಿಯಾದಲ್ಲಿ ಹುಟ್ಟಿದವರಲ್ಲ. ನಮ್ಮ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಮೂರು ಫೇಸಿನ ವಿದ್ಯುತ್ ಹರಿಯಿತಲ್ಲ, ಆ ಪದ್ಧತಿಗೆ ಟೆಸ್ಲಾ ಮಾಡಿದ ಕೆಲಸವೂ ಅಡಿಪಾಯ. ಲಿಕಾ ನಮಗೆ ಅಷ್ಟೇನೂ ದೂರವಿಲ್ಲ.

ಈಗ ನಿಮ್ಮ ಕಥೆಯ ತಿರುವಿಗೆ ಬರೋಣ. ಇಲ್ಲಿ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ಸರಾಯೆವೊದಲ್ಲಿ ಗುಂಡು ತಪ್ಪಿತು ಅಂತ ಮಾಡಬೇಡಿ. ಎಲ್ಲರೂ ಮಾಡುವುದು ಅದನ್ನೇ, ಮತ್ತು ಅದು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಆ ಬೆಳಗ್ಗೆ ಯುವರಾಜನನ್ನು ಕೊಂದ ಪ್ರಿನ್ಸಿಪ್ ಗುಂಡು ಹಾರಿಸುವ ಮೊದಲೇ ಅವನ ಜತೆಗಾರ ಚಾಬ್ರಿನೊವಿಚ್ ಬಾಂಬ್ ಎಸೆದಿದ್ದ, ಜನ ಗಾಯಗೊಂಡಿದ್ದರು. ಯುವರಾಜ ಬದುಕಿದರೂ ಹುಡುಗರು ಸಿಕ್ಕಿಬೀಳುತ್ತಾರೆ, ಆಯುಧ ಬೆಲ್‌ಗ್ರೇಡಿನಿಂದ ಬಂದದ್ದು ಹೊರಬರುತ್ತದೆ. ಸೇನಾ ಮುಖ್ಯಸ್ಥ ಕಾನ್ರಾಡ್ ವರ್ಷಗಳಿಂದ ಸರ್ಬಿಯಾ ಮೇಲೆ ಯುದ್ಧ ಬೇಕೆಂದು ಹಠ ಹಿಡಿದಿದ್ದವನು, ಅವನು ಸುಮ್ಮನಿರುತ್ತಾನಾ? ಫರ್ಡಿನಾಂಡ್ ಸರ್ಬಿಯಾ ಜತೆ ಯುದ್ಧ ಬೇಡ ಎನ್ನುತ್ತಿದ್ದುದು ನಿಜ, ಆದರೆ ತನ್ನ ಮೇಲೆಯೇ ಬಾಂಬ್ ಬಿದ್ದ ಮೇಲೆ ಅವನ ಮಾತು ಹಾಗೇ ಇರುತ್ತದೆ ಎಂದು ಓದುಗ ನಂಬುವುದು ಕಷ್ಟ.

ಇದಕ್ಕಿಂತ ಒಳ್ಳೆಯ ತಿರುವು ಅದೇ ವರ್ಷದ ಏಪ್ರಿಲ್‌ನಲ್ಲಿದೆ. ಮುದುಕ ಚಕ್ರವರ್ತಿ ಫ್ರಾಂಜ್ ಜೋಸೆಫ್‌ಗೆ ಆಗ 83 ವರ್ಷ, ಎದೆ ಕಟ್ಟಿ ಕಾಯಿಲೆ ಜೋರಾಗಿತ್ತು, ಉಳಿಯುತ್ತಾರೋ ಇಲ್ಲವೋ ಎನ್ನುವ ಸ್ಥಿತಿ. ನಿಜವಾದ ಇತಿಹಾಸದಲ್ಲಿ ಅವರು ಚೇತರಿಸಿಕೊಂಡು 1916ರ ನವೆಂಬರ್‌ವರೆಗೆ ಬದುಕಿದರು. ನಿಮ್ಮ ಕಥೆಯಲ್ಲಿ ಅವರು ಏಪ್ರಿಲ್‌ನಲ್ಲೇ ತೀರಿಕೊಳ್ಳಲಿ. ಆಗ ಫರ್ಡಿನಾಂಡ್ ಜೂನ್ ಹೊತ್ತಿಗೆ ಚಕ್ರವರ್ತಿ, ಹೊಸ ಪಟ್ಟದ ಗಡಿಬಿಡಿಯಲ್ಲಿ ಬೊಸ್ನಿಯಾಕ್ಕೆ ಸೇನಾ ಕವಾಯತು ನೋಡಲು ಹೋಗುವ ಪ್ರಶ್ನೆಯೇ ಇಲ್ಲ. ಬಾಂಬೂ ಇಲ್ಲ, ಗುಂಡೂ ಇಲ್ಲ. ನಿಮ್ಮ ಲೋಕ ಶುರುವಾಗುವುದು ಒಂದು ಜ್ವರದಿಂದ.

ಆದರೆ ಫರ್ಡಿನಾಂಡ್‌ನನ್ನು ಸರ್ಬರ ಬಂಧು ಅಂತ ತೋರಿಸಿದರೆ ತಪ್ಪಾಗುತ್ತದೆ. ಅವನಿಗೆ ಯಾರ ಮೇಲಾದರೂ ನಿಜವಾದ ಸಿಟ್ಟು ಇದ್ದಿದ್ದರೆ ಹಂಗೇರಿಯ ಜಮೀನ್ದಾರರ ಮೇಲೆ. ಹಂಗೇರಿ ಕಾನೂನಿನ ಪ್ರಕಾರ ಹೊಸ ರಾಜ 6 ತಿಂಗಳೊಳಗೆ ಅಲ್ಲಿ ಕಿರೀಟ ಧರಿಸಿ ಪ್ರಮಾಣ ಮಾಡಬೇಕು. ಅವನ ಆಪ್ತರು ಬರೆದಿಟ್ಟ ಯೋಜನೆಯಲ್ಲಿ ಆ ಪ್ರಮಾಣವನ್ನು ತಡೆಹಿಡಿದು, ಮೊದಲು ಎಲ್ಲ ಗಂಡಸರಿಗೂ ಮತ ಕೊಡಿ ಎಂದು ಬುಡಾಪೆಸ್ಟನ್ನು ಬಗ್ಗಿಸುವ ಲೆಕ್ಕಾಚಾರ ಇತ್ತು. ಆಸ್ಟ್ರಿಯಾ ಭಾಗದಲ್ಲಿ 1907ರಲ್ಲೇ ಎಲ್ಲ ಗಂಡಸರಿಗೆ ಮತ ಸಿಕ್ಕಿತ್ತು, ಹಂಗೇರಿ ಭಾಗದಲ್ಲಿ ಇರಲಿಲ್ಲ. ಅಲ್ಲಿ ಮತ ಎಲ್ಲರಿಗೂ ಸಿಕ್ಕರೆ ಸರ್ಬರು, ರೊಮೇನಿಯನ್ನರು, ಸ್ಲೊವಾಕರು ಸಂಸತ್ತಿಗೆ ನುಗ್ಗುತ್ತಾರೆ. ಅಂದರೆ ನಿಮ್ಮ ಕಥೆಯಲ್ಲಿ 1914ರ ಶರತ್ಕಾಲಕ್ಕೆ ದೊಡ್ಡ ಬಿಕ್ಕಟ್ಟು ಬರುತ್ತದೆ, ಆದರೆ ಅದು ವಿಯೆನ್ನಾ ಮತ್ತು ಬುಡಾಪೆಸ್ಟ್ ನಡುವೆ. ಸೈನ್ಯ ಕರೆಸುವ ಹಂತಕ್ಕೆ ಹೋದರೆ ಮೊದಲು ಕರೆ ಬರುವುದು ಯಾರಿಗೆ? ತಲೆತಲಾಂತರದಿಂದ ರಾಜನಿಗಾಗಿ ಹೊಡೆದಾಡಿದ ಲಿಕಾದವರಿಗೆ. ಒಟೊಚಾಟ್ಸ್‌ನ 79ನೇ ಕಾಲ್ದಳಕ್ಕೆ ಆ ಸೀಮೆಯ ಹುಡುಗರನ್ನೇ ಸೇರಿಸುತ್ತಿದ್ದರು. ಇಗೋ, ನಿಮ್ಮ ನಾಯಕ ಊರು ಬಿಡಲು ಕಾರಣ ಸಿಕ್ಕಿತು. ಒಂದು ಕಡೆ ಸಾಲ, ಇನ್ನೊಂದು ಕಡೆ ಹಂಗೇರಿಯ ಬೀದಿಯಲ್ಲಿ ಯಾರದೋ ಜಗಳಕ್ಕೆ ಬಂದೂಕು ಹಿಡಿಯುವ ಕರೆ. ಸೇನೆಯ ಕರೆ ತಪ್ಪಿಸಿಕೊಳ್ಳಲು ಅಮೆರಿಕಕ್ಕೆ ಓಡಿದವರು ನಿಜವಾದ ಇತಿಹಾಸದಲ್ಲೂ ಬಹಳ ಮಂದಿ.

ಹೋಗುವ ದಾರಿ ಫಿಯುಮೆ ಬಂದರು, ಅಂದರೆ ಇವತ್ತಿನ ರಿಯೆಕಾ. ಹಂಗೇರಿ ಸರ್ಕಾರ ಕ್ಯೂನಾರ್ಡ್ ಕಂಪನಿ ಜತೆ ಒಪ್ಪಂದ ಮಾಡಿಕೊಂಡು ಅಲ್ಲಿಂದ ನೇರ ನ್ಯೂಯಾರ್ಕಿಗೆ ಹಡಗು ಬಿಡಿಸಿತ್ತು. ಟೈಟಾನಿಕ್‌ನವರನ್ನು ಕಾಪಾಡಿದ ಕಾರ್ಪೇಥಿಯಾ ಇದೇ ದಾರಿಯ ಹಡಗು. 1912ರ ಏಪ್ರಿಲ್‌ನ ಆ ರಾತ್ರಿ ಅದು ನ್ಯೂಯಾರ್ಕಿನಿಂದ ಫಿಯುಮೆ ಕಡೆಗೆ ವಾಪಸ್ ಬರುತ್ತಿತ್ತು. ಅಮೆರಿಕದಲ್ಲಿ ಇಳಿದಾಗ ನಾಯಕನ ಹೆಸರನ್ನು ಅಧಿಕಾರಿ ಬದಲಿಸಿದ ಅನ್ನುವ ಹಳೇ ದೃಶ್ಯ ದಯವಿಟ್ಟು ಬೇಡ. ಹೆಸರಿನ ಪಟ್ಟಿ ಹಡಗಿನವರೇ ಬರೆದು ತರುತ್ತಿದ್ದರು. ನಿಜವಾದ ಕಿರಿಕಿರಿ ಬೇರೆ ಇತ್ತು. ಅಮೆರಿಕದ ಲೆಕ್ಕದಲ್ಲಿ ಬಲ್ಗೇರಿಯನ್, ಸರ್ಬಿಯನ್, ಮಾಂಟೆನೆಗ್ರಿನ್ ಎಲ್ಲ ಸೇರಿ ಒಂದು ಗುಂಪು. ಡಾಲ್ಮೇಷಿಯಾ, ಬೊಸ್ನಿಯಾ, ಹೆರ್ಜೆಗೊವಿನಾದವರು ಇನ್ನೊಂದು. ಕ್ರೊವೇಷಿಯನ್ ಮತ್ತು ಸ್ಲೊವೇನಿಯನ್ ಮತ್ತೊಂದು. ಲಿಕಾದ ಸರ್ಬ ಯಾವ ಗುಂಪಿಗೆ ಬೀಳುತ್ತಾನೆ ಎನ್ನುವುದು ಬರೆಯುವವನ ಕೈಯಲ್ಲಿತ್ತು, ಬೀದಿಯಲ್ಲಂತೂ ಎಲ್ಲರಿಗೂ ಆಸ್ಟ್ರಿಯನ್ ಅನ್ನುತ್ತಿದ್ದರು. ಸರ್ಬರು ಅಲ್ಲಿ ಎಷ್ಟಿದ್ದರು ಎಂದು ಇವತ್ತಿಗೂ ನಿಖರವಾಗಿ ಎಣಿಸಲಾಗದ್ದು ಇದರಿಂದಲೇ.

ಕಾರ್ಖಾನೆಯ ಬದುಕನ್ನು ಸ್ವಲ್ಪ ಬಿಡಿಸಿ ಬರೆಯಿರಿ, ಅದು ನಿಮ್ಮ ಕಾದಂಬರಿಯ ಜೀವ. ದಿನಕ್ಕೆ 12 ಗಂಟೆ ಪಾಳಿ. ಹಗಲು ಪಾಳಿಯಿಂದ ರಾತ್ರಿ ಪಾಳಿಗೆ ಬದಲಾಗುವಾಗ ಒಂದೇ ಸಮ 24 ಗಂಟೆ ಕೆಲಸ. ಮಲಗುವುದು ಊರಿನವಳೊಬ್ಬಳು ನಡೆಸುವ ಮನೆಯಲ್ಲಿ, ಒಂದೇ ಹಾಸಿಗೆ ಇಬ್ಬರಿಗೆ, ಒಬ್ಬ ಎದ್ದು ಹೋದ ಮೇಲೆ ಇನ್ನೊಬ್ಬ ಬಂದು ಮಲಗಬೇಕು. ಆ ಹೆಂಗಸು ಹತ್ತು ಹದಿನೈದು ಗಂಡಸರಿಗೆ ಅಡುಗೆ ಮಾಡಿ, ಬಟ್ಟೆ ಒಗೆದು, ಬೆನ್ನು ಮುರಿದುಕೊಳ್ಳುತ್ತಿದ್ದಳು. ಅವಳ ಬಗ್ಗೆ ಬರೆದವರು ಕಡಿಮೆ, ನೀವಾದರೂ ಬರೆಯಿರಿ. ಕೆಲಸದಲ್ಲಿ ಕೈ ಹೋದರೆ, ಜೀವ ಹೋದರೆ ಕೇಳುವವರಿಲ್ಲ, ಅದಕ್ಕೇ ಅವರು ತಾವೇ ಸಂಘ ಕಟ್ಟಿಕೊಂಡರು. ತಿಂಗಳಿಗಿಷ್ಟು ಕಟ್ಟಿದರೆ ಸತ್ತಾಗ ಹೆಣದ ಖರ್ಚು, ಮನೆಯವರಿಗೆ ಒಂದಿಷ್ಟು ದುಡ್ಡು. ಪಿಟ್ಸ್‌ಬರ್ಗ್ ಪಕ್ಕದ ಮೆಕೀಸ್‌ಪೋರ್ಟ್‌ನಲ್ಲಿ 1901ರಲ್ಲಿ ಶುರುವಾದ ಅಂಥ ಒಕ್ಕೂಟವೇ ಇವತ್ತಿನ ಸರ್ಬ್ ನ್ಯಾಷನಲ್ ಫೆಡರೇಷನ್. 1906ರಿಂದ ಪಿಟ್ಸ್‌ಬರ್ಗ್‌ನಲ್ಲಿ ಅವರದೇ ಪತ್ರಿಕೆ ಅಮೆರಿಕಾನ್ಸ್ಕಿ ಸರ್ಬೊಬ್ರಾನ್ ಬರುತ್ತಿತ್ತು. ನಾಯಕನ ಕೈಯಲ್ಲಿ ಅದನ್ನು ಕೊಡಿ.

ಯುದ್ಧ ಆಗದ ಲೋಕದಲ್ಲಿ ಈ ವಲಸೆ ಕಡಿಮೆ ಆಗುತ್ತಿರಲಿಲ್ಲ, ಜಾಸ್ತಿಯೇ ಆಗುತ್ತಿತ್ತು ಎನ್ನುವುದು ನನ್ನ ನಿಲುವು. ಹೋಗುವವರೂ ಜಾಸ್ತಿ, ವಾಪಸ್ ಬರುವವರೂ ಜಾಸ್ತಿ. ಅವರು ಹೋಗುತ್ತಿದ್ದುದೇ ನಾಲ್ಕಾರು ವರ್ಷ ದುಡಿದು, ಸಾಲ ತೀರಿಸಿ, ಪಕ್ಕದ ಹೊಲ ಕೊಂಡು, ಹೊಸ ಹೆಂಚು ಹೊದಿಸಲು. 1912ರಲ್ಲಿ ತುರ್ಕರ ವಿರುದ್ಧ ಯುದ್ಧ ಶುರುವಾದಾಗಂತೂ ಗಣಿ ಕೆಲಸ ಬಿಟ್ಟು ಮಾಂಟೆನೆಗ್ರೊಗೆ ಹೊಡೆದಾಡಲು ಬಂದವರಿದ್ದಾರೆ. 1914 ಈ ಹೋಗಿ ಬರುವ ದಾರಿಯನ್ನೇ ಕತ್ತರಿಸಿತು. ಅಲ್ಲಿದ್ದವನು ಅಲ್ಲೇ ಉಳಿದ. ಆಮೇಲೆ 1924ರ ಕಾನೂನು ಬಂದು ಇಡೀ ಯುಗೊಸ್ಲಾವಿಯಾಕ್ಕೆ ವರ್ಷಕ್ಕೆ 671 ಜನರ ಮಿತಿ ಹಾಕಿತು. ಯುದ್ಧ ಕಾಲದ ಭಯ, ರಷ್ಯಾದ ಕ್ರಾಂತಿಯ ಭಯ ಇಲ್ಲದೆ ಅಷ್ಟು ಕಠಿಣ ಕಾನೂನು ಅಷ್ಟು ಬೇಗ ಬರುತ್ತಿತ್ತು ಅನ್ನಿಸುವುದಿಲ್ಲ. ಹಾಗಂತ ಬಾಗಿಲು ಪೂರ್ತಿ ತೆರೆದೇ ಇರುತ್ತಿತ್ತು ಎಂದೂ ಬರೆಯಬೇಡಿ. ಓದು ಬರಹ ಬರದವರನ್ನು ತಡೆಯುವ ಮಸೂದೆಯನ್ನು 1913ರಲ್ಲೇ ಅಲ್ಲಿನ ಸಂಸತ್ತು ಒಪ್ಪಿತ್ತು, ಅಧ್ಯಕ್ಷ ಟಾಫ್ಟ್ ತಡೆದಿದ್ದರು. ಅದು ಇವತ್ತಲ್ಲ ನಾಳೆ ಬರುತ್ತಿತ್ತು. ನಾಯಕನಿಗೆ ಸಿರಿಲಿಕ್ ಓದಲು ಕಲಿಸಿಬಿಡಿ, ಹೆಂಡತಿಯನ್ನು ಕರೆಸಿಕೊಳ್ಳುವ ದೃಶ್ಯದಲ್ಲಿ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ವಿಷಯ. ಯುದ್ಧದಿಂದ ಯೂರೋಪಿನ ಕೂಲಿಗಳು ಬರುವುದು ನಿಂತಾಗಲೇ ಉತ್ತರದ ಕಾರ್ಖಾನೆಗಳು ದಕ್ಷಿಣದ ಕಪ್ಪು ಜನರನ್ನು ಜಾಸ್ತಿ ಸಂಖ್ಯೆಯಲ್ಲಿ ಕೆಲಸಕ್ಕೆ ತೆಗೆದುಕೊಳ್ಳಲು ಶುರು ಮಾಡಿದ್ದು. ನಿಮ್ಮ ಲೋಕದಲ್ಲಿ ಆ ಬಾಗಿಲು ತಡವಾಗಿ ತೆರೆಯುತ್ತದೆ. 1920ರ ಪಿಟ್ಸ್‌ಬರ್ಗ್ ಬರೆಯುವಾಗ ಇದು ನೆನಪಿರಲಿ.

ಸಂಸ್ಕೃತಿಯ ಬಗ್ಗೆ ಕೇಳಿದ್ದೀರಿ. ಸರ್ಬ್ ಮನೆಯ ಎಲ್ಲಕ್ಕಿಂತ ದೊಡ್ಡ ದಿನ ಸ್ಲಾವಾ, ಮನೆತನ ಕಾಯುವ ಸಂತನ ಹಬ್ಬ. ಅಪ್ಪನಿಂದ ಮಗನಿಗೆ ಬರುತ್ತದೆ, ಒಂಥರ ನಮ್ಮ ಮನೆದೇವರ ಹಾಗೆ. ಸಂತ ನಿಕೊಲಾ ಆದರೆ ಡಿಸೆಂಬರ್ 19, ಸಂತ ಯೊವಾನ್ ಆದರೆ ಜನವರಿ 20. ಮೇಣದಬತ್ತಿ, ಅಲಂಕಾರದ ರೊಟ್ಟಿ, ಕೆಂಪು ವೈನ್, ಬೇಯಿಸಿ ಸಿಹಿ ಬೆರೆಸಿದ ಗೋಧಿ. ಆ ಗೋಧಿ ತೀರಿಹೋದ ಹಿರಿಯರ ನೆನಪಿಗೆ. ಸ್ಲಾವಾಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಗೊತ್ತಿರುವವರು ತಾವೇ ಬರುತ್ತಾರೆ, ಬಂದವರಿಗೆಲ್ಲ ಊಟ. ಈಗ ಇದನ್ನು ಕಾರ್ಖಾನೆಯ ಪಾಳಿಗೆ ಇಟ್ಟು ನೋಡಿ. ಸಂತನ ದಿನಕ್ಕೆ ಫೋರ್‌ಮನ್ ರಜೆ ಕೊಡುವುದಿಲ್ಲ. ಅಣ್ಣ ತಮ್ಮ ಒಂದೇ ಮನೆಯಲ್ಲಿದ್ದರೂ ಒಬ್ಬ ಹಗಲು ಪಾಳಿ, ಒಬ್ಬ ರಾತ್ರಿ. ಮೇಣದಬತ್ತಿ ಹಚ್ಚುವುದು ಯಾರು?

ಎಲ್ಲ ಸರ್ಬರ ಕೈಗೂ ಗುಸ್ಲೆ ಕೊಡಬೇಡಿ. ಒಂಟಿ ತಂತಿಯ ಆ ವಾದ್ಯ ಹಿಡಿದು ತುರ್ಕರ ಎದುರಿನ ಕೊಸೊವೊ ಯುದ್ಧದ ಕಥೆ ಹಾಡುವುದು ಹೆರ್ಜೆಗೊವಿನಾ, ಮಾಂಟೆನೆಗ್ರೊದ ಬೆಟ್ಟದವರಲ್ಲಿ ಗಟ್ಟಿಯಾಗಿತ್ತು. ಬನಾತ್ ಮತ್ತು ಸ್ಲಾವೊನಿಯಾ ಬಯಲಿನವರದು ತಂಬುರಿತ್ಸಾ ಮೇಳ, ಅಮೆರಿಕದ ಕಾರ್ಖಾನೆ ಊರುಗಳಲ್ಲಿ ಕ್ರೊವಾಟರೂ ಸರ್ಬರೂ ಸೇರಿ ನುಡಿಸುತ್ತಿದ್ದುದು ಇದನ್ನೇ. ಸೇರಿ ಅಂದೆ, ಅದನ್ನು ಒತ್ತಿ ಹೇಳಬೇಕು. 1990ರ ದಶಕದಲ್ಲಿ ಇವರಿಬ್ಬರ ನಡುವೆ ನಡೆದ ರಕ್ತಪಾತವನ್ನು ಹಿಂದಕ್ಕೆ ಎಳೆದು 1914ಕ್ಕೆ ಅಂಟಿಸುವುದು ಇಂಥ ಕಾದಂಬರಿಗಳ ದೊಡ್ಡ ತಪ್ಪು. 1905ರಿಂದ ಜಾಗ್ರೆಬ್‌ನಲ್ಲಿ ಮುಖ್ಯ ರಾಜಕೀಯ ಶಕ್ತಿಯಾಗಿದ್ದುದೇ ಕ್ರೊವಾಟ್-ಸರ್ಬ್ ಒಕ್ಕೂಟ. 1909ರಲ್ಲಿ ಅಲ್ಲಿ ಸರ್ಬರ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿದಾಗಲೂ ಒಕ್ಕೂಟ ಮುರಿಯಲಿಲ್ಲ. ಜಗಳಗಳು ಇದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಹಳ್ಳಿಯಲ್ಲಿ ಅಕ್ಕಪಕ್ಕ ಇದ್ದವರು ಪಿಟ್ಸ್‌ಬರ್ಗ್‌ನಲ್ಲೂ ಅಕ್ಕಪಕ್ಕವೇ ಮಲಗುತ್ತಿದ್ದರು.

ನಿಮ್ಮ ಲೋಕದಲ್ಲಿ ಇಲ್ಲದೇ ಹೋಗುವುದು ಏನು ಅನ್ನುವುದು ನನ್ನನ್ನು ಬಹಳ ಕಾಡುತ್ತದೆ. 1915ರ ಚಳಿಗಾಲದಲ್ಲಿ ಸರ್ಬಿಯಾದ ಸೈನ್ಯ, ಮುದುಕ ರಾಜ, ಹೆಂಗಸರು ಮಕ್ಕಳು ಎಲ್ಲ ಅಲ್ಬೇನಿಯಾದ ಹಿಮದ ಬೆಟ್ಟ ದಾಟಿದರು. ದಾರಿಯುದ್ದಕ್ಕೂ ಸತ್ತರು. ಬದುಕಿದವರು ಕೋರ್ಫು ದ್ವೀಪ ಸೇರಿದರು, ಪಕ್ಕದ ವಿಡೊ ದ್ವೀಪದಲ್ಲಿ ಸತ್ತವರನ್ನು ಹೂಳಲು ಜಾಗ ಸಾಲದೆ ಸಮುದ್ರಕ್ಕೆ ಬಿಟ್ಟರು. ಯುದ್ಧ ಮುಗಿದಾಗ ಸರ್ಬಿಯಾ ತನ್ನ ಜನರಲ್ಲಿ ಸುಮಾರು ಕಾಲು ಭಾಗ ಕಳೆದುಕೊಂಡಿತ್ತು ಎನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ, ಕಡಿಮೆ ಹೇಳುವವರೂ ಇದ್ದಾರೆ. ಹೊರನಾಡಿನ ಸರ್ಬರ ಸಭೆಗಳಲ್ಲಿ ಇವತ್ತಿಗೂ ಕಣ್ಣೀರು ತರಿಸುವ ಹಾಡುಗಳು ಹುಟ್ಟಿದ್ದು ಆ ದ್ವೀಪದಲ್ಲಿ. ನಿಮ್ಮ ಲೋಕದಲ್ಲಿ ಆ ಜನ ಬದುಕಿರುತ್ತಾರೆ, ಆ ಹಾಡುಗಳು ಇರುವುದಿಲ್ಲ. ಅವರ ನೋವಿಗೆ ಉಳಿಯುವ ಹೆಸರು ಕೊಸೊವೊ ಒಂದೇ, 1389ರ ಯುದ್ಧ. ಆಗ ಮಡಿದ ರಾಜ ಲಾಜಾರ್‌ನ ದೇಹ 1914ರಲ್ಲಿ ಇದ್ದದ್ದು ಎಲ್ಲಿ ಗೊತ್ತಾ? ಫ್ರುಷ್ಕಾ ಗೊರಾ ಬೆಟ್ಟದ ವ್ರ್‌ದ್ನಿಕ್ ಮಠದಲ್ಲಿ, ಅಂದರೆ ಫರ್ಡಿನಾಂಡ್‌ನ ಸಾಮ್ರಾಜ್ಯದೊಳಗೆ. ಹೊಸ ಚಕ್ರವರ್ತಿ ಬುಡಾಪೆಸ್ಟ್ ವಿರುದ್ಧ ಸರ್ಬರನ್ನು ಒಲಿಸಿಕೊಳ್ಳಲು ಕೊಸೊವೊ ಯುದ್ಧದ ನೆನಪಿನ ದಿನವಾದ ಜೂನ್ 28ರಂದು ಆ ಮಠಕ್ಕೆ ಬರುತ್ತಾನೆ ಅಂತ ಒಂದು ಅಧ್ಯಾಯ ಇಟ್ಟರೆ ಹೇಗಿರುತ್ತದೆ, ಯೋಚಿಸಿ.

ಬೆಲ್‌ಗ್ರೇಡನ್ನು ಪೂರ್ತಿ ಬಿಡಬೇಕಿಲ್ಲ. ಬಾಲ್ಕನ್ ಯುದ್ಧಗಳಲ್ಲಿ ಗೆದ್ದು 1913ರಲ್ಲಿ ಸರ್ಬಿಯಾ ಹೆಚ್ಚುಕಡಿಮೆ ಎರಡರಷ್ಟಾಗಿತ್ತು, ಖಜಾನೆ ಖಾಲಿ. ಹೊಸದಾಗಿ ಗೆದ್ದ ನಾಡನ್ನು ಸೈನ್ಯ ಆಳಬೇಕೋ ಸರ್ಕಾರ ಆಳಬೇಕೋ ಅಂತ ಪ್ರಧಾನಿ ಪಾಶಿಚ್‌ಗೂ ಸೇನಾ ಬೇಹುಗಾರಿಕೆಯ ಮುಖ್ಯಸ್ಥ ಕರ್ನಲ್ ಆಪಿಸ್‌ನ ಗುಂಪಿಗೂ ಜಟಾಪಟಿ. 1914ರ ಜೂನ್ 24ರಂದು ರಾಜ ಪೀಟರ್ ಅಧಿಕಾರವನ್ನು ಮಗ ಅಲೆಕ್ಸಾಂಡರ್‌ಗೆ ಬಿಟ್ಟು ಹಿಂದೆ ಸರಿದರು, ಚುನಾವಣೆ ಘೋಷಣೆಯಾಗಿತ್ತು. ಯುದ್ಧ ಬಂದು ಎಲ್ಲ ಮುಚ್ಚಿಹೋಯಿತು. ನಿಮ್ಮ ಕಥೆಯಲ್ಲಿ ಆ ಚುನಾವಣೆ ನಡೆಯುತ್ತದೆ. 1903ರಲ್ಲಿ ರಾಜ ರಾಣಿಯನ್ನು ಅರಮನೆಯಲ್ಲೇ ಕೊಂದವರ ಸಾಲಿನಲ್ಲಿ ಆಪಿಸ್ ಇದ್ದ, ಅವನು ಸೋಲನ್ನು ಸುಮ್ನೆ ನುಂಗುವವನಲ್ಲ. ಬೊಸ್ನಿಯಾದಲ್ಲಿ ಸರ್ಬ್ ಗೇಣಿದಾರರು ಇನ್ನೂ ಬೆಳೆಯ ಮೂರನೇ ಒಂದು ಪಾಲನ್ನು ಜಮೀನ್ದಾರನಿಗೆ ಕೊಡುತ್ತಿರುತ್ತಾರೆ, ಪ್ರಿನ್ಸಿಪ್ ಅಂಥದೇ ಮನೆಯ ಹುಡುಗ. ಅಲ್ಲಿಂದಲೂ ಫಿಯುಮೆ ಕಡೆಗೆ ಜನ ನಡೆಯುತ್ತಾರೆ.

ಕೊನೆಗೆ ಚರ್ಚು. ಇದನ್ನು ಬಹಳ ಮಂದಿ ತಪ್ಪಾಗಿ ಬರೆಯುತ್ತಾರೆ. ನಾವು ಇವತ್ತು ನೋಡುವ ಒಂದೇ ಸರ್ಬ್ ಆರ್ಥೊಡಾಕ್ಸ್ ಚರ್ಚ್ 1920ರಲ್ಲಿ ಒಂದಾದದ್ದು. ಅದಕ್ಕೆ ಮೊದಲು ಬೆಲ್‌ಗ್ರೇಡಿನದು ಬೇರೆ, ಆಸ್ಟ್ರಿಯಾ-ಹಂಗೇರಿಯೊಳಗಿನ ಕಾರ್ಲೊವ್ಟ್ಸಿಯದು ಬೇರೆ, ಮಾಂಟೆನೆಗ್ರೊದ್ದು ಬೇರೆ, ಬೊಸ್ನಿಯಾ ಕಾನ್‌ಸ್ಟಾಂಟಿನೋಪಲ್ ಕೆಳಗೆ. ಅಮೆರಿಕದ ಸರ್ಬರು ರಷ್ಯನ್ ಆರ್ಚ್‌ಬಿಷಪ್ ಕೆಳಗಿದ್ದರು. ಅಲ್ಲಿನ ಅವರ ಮೊದಲ ಚರ್ಚು ಕ್ಯಾಲಿಫೋರ್ನಿಯಾದ ಜ್ಯಾಕ್ಸನ್ ಎಂಬ ಚಿನ್ನದ ಗಣಿ ಊರಿನಲ್ಲಿ, 1894ರದು. ಅದನ್ನು ಕಟ್ಟಿಸಿದ ಪಾದ್ರಿ ಸೆಬಾಸ್ಟಿಯನ್ ದಾಬೊವಿಚ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಸರ್ಬ, ಸೇವೆ ರಷ್ಯನ್ ಚರ್ಚಿನಲ್ಲಿ. ಯುದ್ಧವಿಲ್ಲ, ರಷ್ಯಾದಲ್ಲಿ ಕ್ರಾಂತಿಯಿಲ್ಲ ಅಂದರೆ ರಷ್ಯಾದಿಂದ ಆ ಚರ್ಚಿಗೆ ಬರುವ ದುಡ್ಡು ನಿಲ್ಲುವುದಿಲ್ಲ, ಅಮೆರಿಕದಲ್ಲಿ ಸರ್ಬರ ಸ್ವಂತ ಬಿಷಪ್ ಬೇಗ ಬರುವುದಿಲ್ಲ. ನಿಮ್ಮ ನಾಯಕ 1925ರಲ್ಲೂ ಪ್ರಾರ್ಥನೆಯಲ್ಲಿ ರಷ್ಯನ್ ಬಿಷಪ್ಪನ ಹೆಸರು ಕೇಳುತ್ತಾನೆ. ಅದು ಬೇಡ ಎನ್ನುವವರ ಗುಂಪು ಆಗಲೇ ಹುಟ್ಟಿತ್ತು, ಚರ್ಚಿನ ಆಸ್ತಿ ಯಾರದು ಎಂಬ ಜಗಳಕ್ಕೆ ಕಥೆಯಲ್ಲಿ ಜಾಗ ಕೊಡಿ.

ಬರೆಯುವಾಗ ತಾರೀಖಿನ ಮೇಲೆ ಒಂದು ಕಣ್ಣಿರಲಿ. ಸರ್ಬಿಯಾ ಸರ್ಕಾರ 1919ರವರೆಗೆ ಹಳೇ ಜೂಲಿಯನ್ ಕ್ಯಾಲೆಂಡರಿನಲ್ಲೇ ಇತ್ತು, 13 ದಿನ ಹಿಂದೆ. ಲಿಕಾದಲ್ಲಿ ಕಚೇರಿಗೆ ಹೊಸ ತಾರೀಖು, ಚರ್ಚಿಗೆ ಹಳೇ ತಾರೀಖು. ನಾಯಕ ಪಿಟ್ಸ್‌ಬರ್ಗ್‌ನಿಂದ ಜೂನ್ 28 ಎಂದು ಹಾಕಿದ ದಿನವೇ ಬೆಲ್‌ಗ್ರೇಡಿನ ಗೆಳೆಯ ಪತ್ರ ಬರೆದರೆ ಅದರ ಮೇಲೆ ಜೂನ್ 15 ಎಂದಿರಬೇಕು.